ಸಾಲಿನಲ್ಲಿ ನಿಂತಿದ್ದ ಚಪ್ಪಲಿಗಳು

ಫ್ರೆಂಡ್ಸ್, ನಾನು ಓದಿದ್ದು ಐದನೇ ಕ್ಲಾಸು. ಹಾಳೆಯಲ್ಲಿ ಬರೆದು ಫೋಟೋ ಹಾಕುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ, ತಪ್ಪಿದ್ದರೆ ಬೈಯಬೇಡಿ.

ಇವತ್ತು ಬೆಳಿಗ್ಗೆ ಪಕ್ಕದ ಮನೆಯ ರೋಸಮ್ಮಜ್ಜಿಯನ್ನು ಉದಯಗಿರಿಯ ಸಣ್ಣ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಅವರ ಸಕ್ಕರೆ ಕಾಯಿಲೆಯ ಮಾತ್ರೆ ನಿನ್ನೆಯೇ ಮುಗಿದಿತ್ತು. ಡಾಕ್ಟರು ಮಧ್ಯಾಹ್ನಕ್ಕೆ ಹೊರಟುಬಿಡುತ್ತಾರೆ. ಮಂಡಿನೋವಿನವರು ಎಷ್ಟು ಹೊತ್ತು ನಿಂತಾರು? ಅದಕ್ಕೇ ಅಲ್ಲಿ ಸಾಲಿನಲ್ಲಿ ಚಪ್ಪಲಿಗಳು ನಿಲ್ಲುತ್ತವೆ, ಅವುಗಳ ಯಜಮಾನರು ಬೇವಿನ ಮರದ ಕೆಳಗೆ ಕೂರುತ್ತಾರೆ.

ಹೊಸದಾಗಿ ಬಂದ ಸಿಸ್ಟರ್‌ಗೆ ಇದು ಗೊತ್ತಿಲ್ಲ. ಬಾಗಿಲು ಚೆನ್ನಾಗಿ ಕಾಣಲಿ ಎಂದು ಚಪ್ಪಲಿಗಳನ್ನೆಲ್ಲ ಎತ್ತಿ ಸ್ಟ್ಯಾಂಡಿನಲ್ಲಿ ಜೋಡಿಸಿಬಿಟ್ಟರು!

"ಅಯ್ಯೋ, ನನ್ ಜಾಗ ಎತ್ಬುಟ್ರಲ್ಲಮ್ಮ! ನಾನೇ ಫಸ್ಟು ಕಣ್ರೀ!" ಎಂದು ಅಜ್ಜಿ ಎದ್ದರು.

"ನೀವೆಲ್ಲಿ ಫಸ್ಟು? ನನ್ ನೀಲಿ ಹವಾಯಿ ಬಾಗ್ಲಲ್ಲೇ ಇತ್ತು," ಎಂದರು ಮರದ ಕೆಳಗೇ ಕೂತಿದ್ದ ನಿಂಗೇಗೌಡರು.

ಒಂದೇ ಗಳಿಗೆಯಲ್ಲಿ ಎಲ್ಲರೂ ಫಸ್ಟು. ಸಿಸ್ಟರ್ ಕಂಗಾಲಾದರು. ಅಜ್ಜಿ ಮಾತ್ರೆಯಿಲ್ಲದೆ ಮನೆಗೆ ಬರಬೇಕಾದೀತೆಂದು, ಯಾರೆದುರೂ ಬಾಯಿ ತೆರೆಯದ ನಾನು ಹೇಳಿಯೇಬಿಟ್ಟೆ: "ಸಿಸ್ಟರ್, ಆ ಚಪ್ಪಲಿಗಳೇ ಕ್ಯೂ."

ಅವರು ಹಣೆ ಚಚ್ಚಿಕೊಂಡು ನಕ್ಕರು. ಒಳಗಿನ ಬೆಂಚುಗಳನ್ನು ತಾವೇ ಎಳೆದು ತಂದು ಸಾಲಾಗಿ ಹಾಕಿದರು. "ಇನ್ಮೇಲೆ ಕೂತ್ಕೊಂಡೇ ಕ್ಯೂ. ಕಾಲುನೋವಿರೋರು ಮುಂದೆ ಬನ್ನಿ," ಎಂದರು. ಆಗ ಎಲ್ಲರೂ ಕುಂಟತೊಡಗಿದರು!

ಅಂತೂ ಮಾತ್ರೆ ಸಿಕ್ಕಿತು. ದಾರಿಯಲ್ಲಿ ಅಜ್ಜಿಗೆ ಒಂದೇ ಚಿಂತೆ: "ಬೆಂಚೇನೋ ಸರಿ ಕಣಮ್ಮ. ಅದರ ಮೇಲೆ ಚಪ್ಲಿ ಇಡಕ್ಕಾಯ್ತದಾ?"

ಮನೆಗೆ ಬಂದವಳೇ, ಚಪ್ಪಲಿಯ ಬದಲು ಬೆಂಚಿನ ಮೇಲಿಡಲೆಂದು ಒಂದು ಹಳೆಯ ಕೈಚೀಲದ ಮೇಲೆ ಕೆಂಪು ದಾರದಲ್ಲಿ ಅಜ್ಜಿಯ ಹೆಸರು ಹೊಲಿದುಕೊಟ್ಟೆ.