ಮೂರು ಗಂಟಿನ ಮಾವ

ನಮ್ಮೂರಿನ ಒಂದೇ ಒಂದು ಅಂಗಡಿಗೆ ಬೋರ್ಡಿಲ್ಲ. ಬೇಕಾಗಿಯೂ ಇಲ್ಲ. ಬಾಗಿಲ ಮುಂದೆ ನಾಲ್ಕು ಜನ ಹುಬ್ಬು ಗಂಟಿಕ್ಕಿಕೊಂಡು, ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ಬದಲಿಸುತ್ತ ನಿಂತಿದ್ದರೆ ಅದೇ ಅಂಗಡಿ ಎಂದು ಹೊಸಬರಿಗೂ ಗೊತ್ತಾಗುತ್ತದೆ. ಮೊಳೆ, ಬೀಗ, ಬಲ್ಬು, ಬಕೆಟ್ಟು, ಹಗ್ಗ, ಸೋಪು, ಬ್ಲೇಡು ಎಲ್ಲವೂ ಅಲ್ಲಿ ಸಿಗುತ್ತವೆ. ಬೇಗ ಮಾತ್ರ ಸಿಗುವುದಿಲ್ಲ.

ಅಂಗಡಿಯಾತನನ್ನು ಎಲ್ಲರೂ ಮಾವ ಎನ್ನುತ್ತಾರೆ. ಬೆನ್ನ ಹಿಂದೆ ಮೂರು ಗಂಟಿನ ಮಾವ. ನೀವು ಏನೇ ಕೊಳ್ಳಿ, ಅದನ್ನು ಹಳೇ ಪೇಪರಿನಲ್ಲಿ ಸುತ್ತಿ, ಮೇಣ ಸವರಿದ ಹುರಿಯನ್ನು ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ಬಿಗಿದು, ಮೂರು ಗಂಟು ಹಾಕಿ, ಹುರಿಯನ್ನು ಹಲ್ಲಿನಿಂದ ಕಡಿದ ಮೇಲೆಯೇ ಅದು ನಿಮ್ಮ ಕೈಗೆ ಬರುತ್ತದೆ. ಒಂದು ಮೊಳೆಯಾದರೂ ಅಷ್ಟೇ, ಒಂದು ಸೂಜಿಯಾದರೂ ಅಷ್ಟೇ. ತೊಟ್ಟಿಲಿಗೆ ಕೊಂಡಿ ಕೊಳ್ಳಲು ಬಂದವನೊಬ್ಬ ಪೊಟ್ಟಣಕ್ಕೆ ಕಾಯುತ್ತಿರುವಾಗ ಆ ಮಗುವೇ ನಡೆದುಕೊಂಡು ಬಂದು ಅಪ್ಪನನ್ನು ಊಟಕ್ಕೆ ಕರೆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮೇಣದಬತ್ತಿಗೆ ಹೋದವರು ಕರೆಂಟು ಎರಡು ಸಲ ಬಂದು ಮೂರು ಸಲ ಹೋದ ಮೇಲೆ ಮನೆ ಸೇರಿದ್ದಾರೆ. ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ನನ್ನ ಮೀಸೆ ಬೋಳಿಸಿ. ಮೀಸೆ ಇಲ್ಲ, ಆ ಮಾತು ಬೇರೆ.

"ಯಾಕೆ ಮಾವ ಮೂರು ಗಂಟು?" ಎಂದು ಕೇಳಿದರೆ ಒಂದೇ ಉತ್ತರ. "ಒಂದು ಸಾಮಾನಿಗೆ. ಒಂದು ನಿನ್ನ ಅವಸರಕ್ಕೆ. ಇನ್ನೊಂದು ನನ್ನ ಸಮಾಧಾನಕ್ಕೆ."

ನಿಜವಾದ ಕಾರಣ ಹೇಳಿದವರು ಅತ್ತೆ, ಅಂದರೆ ಅವರ ಹೆಂಡತಿ. ಅಂಗಡಿ ಹೊಸದಾಗಿ ಇಟ್ಟಾಗ ಅವಸರದಲ್ಲಿ ಸುತ್ತಿಕೊಟ್ಟ ಮೊಳೆಯ ಪೊಟ್ಟಣವೊಂದು ದಾರಿಯಲ್ಲಿ ಬಿಚ್ಚಿಹೋಗಿ ಪಕ್ಕದ ಬೀದಿಯ ಮುದುಕಿಯ ಪಾದಕ್ಕೆ ಮೊಳೆ ಚುಚ್ಚಿತಂತೆ. ಮುದುಕಿ ಮೂರು ತಿಂಗಳು ನಡೆಯಲಿಲ್ಲ. ಮಾವ ಆ ಮೂರು ತಿಂಗಳೂ ದಿನಾ ಬೆಳಗ್ಗೆ ಅವಳ ಮನೆಗೆ ನೀರು ಹೊತ್ತುಹಾಕಿ ಆಮೇಲೆ ಅಂಗಡಿ ತೆರೆದರಂತೆ. "ಆವತ್ತಿಂದ ಈ ಗಂಟಿನ ಗ್ರಹಚಾರ ಹಿಡೀತು ನೋಡಪ್ಪ. ಇವರು ಜನ್ಮದಲ್ಲಿ ಅವಸರವಾಗಿ ಮಾಡಿದ್ದು ಒಂದೇ ಕೆಲಸ, ನನ್ನನ್ನ ಮದುವೆಯಾಗಿದ್ದು" ಎಂದು ಅತ್ತೆ ನಗುತ್ತಿದ್ದರು.

ಅಂಗಡಿ ಬಾಗಿಲಿಗೆ ನಂಬರು ಬರೆದ ಹದಿನಾರು ಹಲಗೆಗಳು. ತೆಗೆಯಲು ಕಾಲು ಗಂಟೆ, ಹಾಕಲು ಕಾಲು ಗಂಟೆ. ಹಾಗಾಗಿ ಒಮ್ಮೆ ತೆರೆದರೆ ಸಂಜೆಯವರೆಗೆ ಮಾವ ಕದಲುವುದಿಲ್ಲ. ಊಟವೂ ಹಿಂಬಾಗಿಲಿಂದ ಅಲ್ಲಿಗೇ ಬರುತ್ತದೆ. ವ್ಯಾಪಾರದ ಹೊತ್ತಿನಲ್ಲಿ ಅವರ ಸೊಂಟದ ಕೆಳಗಿನ ಭಾಗವನ್ನು ಕಂಡವರು ಊರಲ್ಲಿಲ್ಲ. ಅವರಿಗೆ ಕಾಲುಗಳೇ ಇಲ್ಲ, ಕಟ್ಟೆಯ ಹಲಗೆಯಿಂದಲೇ ಮೊಳಕೆಯೊಡೆದಿದ್ದಾರೆ ಎಂದು ನಾನೇ ಹಬ್ಬಿಸಿದ್ದೆ.

ಹೋದ ವರ್ಷ ಒಂದು ಮಧ್ಯಾಹ್ನ ನನ್ನ ತಮ್ಮ ಬಾವಿಗೆ ಬಿದ್ದ.

ತಮ್ಮ ಪಂಪು ರಿಪೇರಿಯವನು. ಯಾರದ್ದೋ ತೋಟದ ಬಾವಿಗೆ ಇಳಿಯುತ್ತಿದ್ದಾಗ ಗೋಡೆಗೆ ಬಡಿದಿದ್ದ ಕಬ್ಬಿಣದ ಮೆಟ್ಟಿಲೊಂದು ತುಕ್ಕು ಹಿಡಿದು ಕಿತ್ತುಬಂತು. ಬೀಳುವಾಗ ಕಾಲು ಕಲ್ಲಿಗೆ ಬಡಿದು ಮುರಿಯಿತು. ಈಜಲಾರ, ಹತ್ತಲಾರ. ಎದೆಮಟ್ಟದ ತನಕ ನೀರಿನಲ್ಲಿ ಮುಳುಗಿ, ಪಂಪಿನ ಪೈಪನ್ನು ತಬ್ಬಿಕೊಂಡು ನೇತಾಡುತ್ತಿದ್ದ. ಅವನ ಹಗ್ಗ ಸಲಕರಣೆ ಚೀಲದ ಜೊತೆ ತಳ ಸೇರಿತ್ತು. ಪಂಪು ಬಂದ ಮೇಲೆ ನಮ್ಮೂರಲ್ಲಿ ನೀರು ಸೇದುವ ಹಗ್ಗ ಯಾರ ಮನೆಯಲ್ಲೂ ಇಲ್ಲ. ದನ ಕಟ್ಟುವ ಹಗ್ಗ ತಂದು ಬಿಟ್ಟರೆ ಅರ್ಧ ಬಾವಿಗೂ ಮುಟ್ಟಲಿಲ್ಲ.

ತಮ್ಮನ ಹೆಂಡತಿ ಬಾವಿಕಟ್ಟೆಯ ಮೇಲೆ ಬೋರಲಾಗಿ ಮಲಗಿ ಕೆಳಗೆ ನೋಡುತ್ತಿದ್ದಳು. "ಭಾವ, ಅವರ ಕೈ ಸೋಲ್ತಾ ಇದೆ. ಓಡಿ!" ಎಂದಳು. ಆಮೇಲೆ ಬಾವಿಯೊಳಗೆ ಬಗ್ಗಿ ಗಂಡನನ್ನು ಬಯ್ಯತೊಡಗಿದಳು. "ರೀ, ಕಣ್ಣು ಮುಚ್ಚಬೇಡಿ! ಮೊನ್ನೆ ನನ್ನ ತಮ್ಮನ ಮುಂದೆ ನನಗೆ ಅಡುಗೆ ಬರಲ್ಲ ಅಂದ್ರಲ್ಲ, ಅದಕ್ಕೆ ಉತ್ತರ ಕೊಟ್ಟು ಆಮೇಲೆ ಕೈ ಬಿಡಿ!" ಉತ್ತರ ಸಿಗದಂಥ ಪ್ರಶ್ನೆಯನ್ನೇ ಆರಿಸಿಕೊಂಡಿದ್ದಳು, ಜಾಣೆ.

ನಾನು ಓಡಿದೆ. ಅರವತ್ತೇಳರ ಈ ಕಾಲುಗಳು ಆ ದಿನ ಓಡಿದ್ದನ್ನು ಕಂಡು ಬೀದಿನಾಯಿಗಳು ನಾಚಿ ದಾರಿ ಬಿಟ್ಟವು.

ಅಂಗಡಿಯಲ್ಲಿ ಕ್ಷೌರದವನು ಬ್ಲೇಡಿಗೆ ಕಾಯುತ್ತಿದ್ದ. "ಮಾವ, ಹಗ್ಗ! ತಮ್ಮ ಬಾವಿಲಿ ಬಿದ್ದಿದಾನೆ!" ಎಂದು ಕೂಗಿದೆ.

ಮಾವ ಕ್ಷೌರದವನ ಕಡೆ ನೋಡಿದರು. "ಸಾಲಲ್ಲಿ ಇವನಿದಾನಲ್ಲ."

"ಅಯ್ಯೋ ಮಾವ, ನನ್ನ ಬ್ಲೇಡು ಬೆಂಕಿಗೆ ಹಾಕಿ! ಮೊದಲು ಇವರಿಗೆ ಕೊಡಿ" ಎಂದ ಕ್ಷೌರದವನು.

ಬಾಗಿಲಲ್ಲೇ ನೀಲಿ ಪ್ಲಾಸ್ಟಿಕ್ ಹಗ್ಗದ ಸುರುಳಿ ತೂಗುತ್ತಿತ್ತು. ನಾನು ಕೈ ಹಾಕಿದೆ. ಮಾವ ನನ್ನ ಕೈಯ ಮೇಲೆ ಅಳತೆಕೋಲಿನಿಂದ ಒಂದು ಬಿಟ್ಟರು.

"ಅದು ಬಟ್ಟೆ ಒಣಗಿಸೋಕೆ. ಒದ್ದೆ ಕೈಯಲ್ಲಿ ಜಾರತ್ತೆ. ನೀರು ಎಷ್ಟು ಆಳದಲ್ಲಿದೆ?"

"ಏಳು ಮಾರು. ಬೇಗ ಮಾವ!"

"ನಿನ್ನ ತಮ್ಮ ಎಷ್ಟು ತೂಗ್ತಾನೆ?"

"ಅವನಿಗೆ ಹೆಣ್ಣು ನೋಡ್ತಿದೀರಾ? ಹಗ್ಗ ಕೊಡಿ ಮಾರಾಯ್ರೇ!"

ಮಾವ ಒಳಗೆ ಹೋದರು. ಹೋದರು ಎಂದರೆ, ಹೋದರು. ಆಚೆ ಮೂಲೆಯಿಂದ ಹೆಬ್ಬೆರಳು ದಪ್ಪದ ನಾರಿನ ಹಗ್ಗ ತಂದು, ಕಣ್ಣು ಮುಚ್ಚಿ, ತೋಳು ಚಾಚಿ ಒಂದೊಂದೇ ಮಾರು ಅಳೆಯುತ್ತ ಇಡೀ ಹಗ್ಗವನ್ನು ಬೆರಳುಗಳ ನಡುವೆ ಹಾಯಿಸಿದರು. ನಾನು ಬಯ್ದೆ. ನನಗೆ ಬರುವ ಬೈಗುಳ ಮುಗಿದ ಮೇಲೆ ಕ್ಷೌರದವನಿಂದ ಎರಡು ಸಾಲ ತೆಗೆದುಕೊಂಡು ಬಯ್ದೆ. ಹನ್ನೆರಡನೇ ಮಾರಿಗೆ ಬೆರಳು ನಿಂತಿತು. "ಇಲಿ" ಎಂದು ಅಲ್ಲಿಂದಾಚೆಯ ಹಗ್ಗವನ್ನು ಕತ್ತರಿಸಿ ಬಿಸಾಡಿದರು. ಮೇಲಿಂದ ನೋಡಿದರೆ ಹಲ್ಲಿನ ಒಂದು ಸಣ್ಣ ಗುರುತು ಬಿಟ್ಟು ಏನೂ ಕಾಣದು. ಒಳಗಿನ ಎಳೆಗಳು ಮಾತ್ರ ತುಂಡಾಗಿದ್ದವು.

ಅಷ್ಟಕ್ಕೆ ಕೊಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಮಾವನ ಕಣ್ಣು ನನ್ನ ಮುಖದ ಮೇಲಿತ್ತು, "ಮೇಲೆ ಕಟ್ಟೋಕೆ ಮರ ಇದೆಯಾ?" ಎಂದು ಬಾಯಿ ಕೇಳುತ್ತಿತ್ತು. ಕೈಗಳು ಮಾತ್ರ ಯಾರ ಅಪ್ಪಣೆಯನ್ನೂ ಕೇಳದೆ ಹಗ್ಗವನ್ನು ಸುರುಳಿ ಸುತ್ತಿ, ಪೇಪರು ಹೊದಿಸಿ, ಹುರಿ ಬಿಗಿದು, ಮೂರು ಗಂಟು ಹಾಕಿಬಿಟ್ಟವು. ಹಲ್ಲಿನಿಂದ ಹುರಿ ಕಡಿದದ್ದೇ ನಾನು ಪೊಟ್ಟಣ ಕಿತ್ತುಕೊಂಡು ಓಡಿದೆ. ಕ್ಷೌರದವನೂ ಹಿಂದೆಯೇ ಓಡಿಬಂದ.

ಬಾವಿಕಟ್ಟೆಯಲ್ಲಿ ಪೇಪರು ಹರಿದೆ. ಹುರಿ ಬಿಚ್ಚಲಿಲ್ಲ. ಎಳೆದಷ್ಟೂ ಬಿಗಿಯಾಯಿತು. ಹಗ್ಗದ ಸುರುಳಿಯೊಳಗೆ ಮಾಂಸಕ್ಕೆ ಉಗುರು ಹೊಕ್ಕ ಹಾಗೆ ಹುರಿ ಹೊಕ್ಕು ಕುಳಿತಿತ್ತು. ಹಲ್ಲು ಹಾಕಿದೆ, ಹಲ್ಲೇ ಅಲ್ಲಾಡಿತು. ಆರು ಜನ ಆರು ಕಡೆ ಎಳೆದರು. ಕೆಳಗೆ ತಮ್ಮನ ಒಂದು ಕೈ ಪೈಪಿನಿಂದ ಜಾರಿತು. ಅವನ ಹೆಂಡತಿಯ ಬೈಗುಳ ನಿಂತುಹೋಯಿತು.

ಕ್ಷೌರದವನು ಜೇಬಿನಿಂದ ಕತ್ತಿ ತೆಗೆದು ಬಿಡಿಸಿದ. ಹುರಿಯ ಮೇಲೆ ಇಟ್ಟೇಬಿಟ್ಟಿದ್ದ.

"ಕತ್ತಿ ತೆಗಿಯೋ! ಹಗ್ಗ ಸೀಳತ್ತೆ!"

ತಿರುಗಿ ನೋಡಿದೆವು. ತೋಟದ ಬದುವಿನ ಮೇಲೆ ಮಾವ ಓಡಿಬರುತ್ತಿದ್ದರು. ಕಾಲುಗಳಿದ್ದವು, ಎರಡೂ. ಒಂದರಲ್ಲಿ ಚಪ್ಪಲಿ, ಇನ್ನೊಂದರಲ್ಲಿ ಇಲ್ಲ. ಎಪ್ಪತ್ತೈದು ದಾಟಿದ ಮನುಷ್ಯ, ಉಬ್ಬಿದ ಮಂಡಿ. ಅಂಗಡಿಯ ಹದಿನಾರು ಹಲಗೆಗಳಲ್ಲಿ ಒಂದನ್ನೂ ಹಾಕದೆ, ಸಾಮಾನನ್ನೆಲ್ಲ ಬೀದಿಗೆ ಬಿಟ್ಟು ಬಂದಿದ್ದರು.

ಬಂದವರೇ ನನ್ನ ಮಡಿಲಿನಿಂದ ಹಗ್ಗ ಸೆಳೆದುಕೊಂಡು ಮೂರನೇ ಗಂಟಿನ ಮೋಟು ತುದಿಯನ್ನು ಹಿಡಿದು ಮೆಲ್ಲಗೆ ಎಳೆದರು. ಮೂರೂ ಗಂಟು ಒಂದರ ಹಿಂದೆ ಒಂದು ಕರಗಿಹೋದವು. ಇಷ್ಟು ವರ್ಷ ಇಡೀ ಊರು ಹಲ್ಲಿನಿಂದ ಕಚ್ಚಿ, ಕುಡುಗೋಲಿನಿಂದ ಕುಯ್ದು, ಶಾಪ ಹಾಕಿ ಬಿಡಿಸುತ್ತಿದ್ದ ಗಂಟು ಅದು. ಎಳೆಯುವ ತುದಿ ಯಾವುದೆಂದು ಒಬ್ಬರೂ ಕೇಳಿರಲಿಲ್ಲ. ಅವರೂ ಹೇಳಿರಲಿಲ್ಲ.

ಮಾವ ಒಂದು ತುದಿಯನ್ನು ಮರಕ್ಕೆ ಬಿಗಿದರು. ಇನ್ನೊಂದಕ್ಕೆ ಯಾರೋ ಆಗಲೇ ಜೀರುಗುಣಿಕೆ ಹಾಕುತ್ತಿದ್ದ. ಅವನ ಕೈಗೆ ಬಡಿದರು. "ಇದನ್ನ ಹಾಕಿ ಎಳೆದರೆ ಎದೆ ಬಿಗಿದು ಮೇಲೆ ಬರೋದ್ರೊಳಗೆ ಹೋಗ್ತಾನೆ." ಬಿಗಿಯದ ಒಂದು ಕುಣಿಕೆ ಹಾಕಿ ಕೆಳಗೆ ಬಿಟ್ಟು ಬಗ್ಗಿ ಹೇಳಿದರು. "ತಲೆ ಮೇಲಿಂದ ಹಾಕ್ಕೋ ಕಂದ. ಒಂದೊಂದೇ ಕೈ. ಕಂಕುಳ ಕೆಳಗೆ ಬರಲಿ. ಅವಸರ ಮಾಡಬೇಡ."

ಜನ್ಮದಲ್ಲಿ ಮೊದಲ ಸಲ ಆ ಮಾತು ನನಗೆ ಹಿತವಾಗಿ ಕೇಳಿಸಿತು.

ಹತ್ತು ಜನ ಎಳೆದೆವು. ತಮ್ಮ ಮೇಲೆ ಬಂದ. ನೀಲಿಗಟ್ಟಿದ ತುಟಿ, ತಿರುಚಿದ ಕಾಲು, ಆದರೆ ಉಸಿರಿತ್ತು. ಹೆಂಡತಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಅವನು ಕಣ್ಣು ತೆರೆದು ಹೇಳಿದ ಮೊದಲ ಮಾತು, "ಅಡುಗೆ ಚೆನ್ನಾಗೇ ಮಾಡ್ತೀಯ ಕಣೇ."

ನಾನು ಮಾವನ ಕೈ ಹಿಡಿದುಕೊಂಡೆ. ಬೈಗುಳಗಳಿಗೆಲ್ಲ ಕ್ಷಮೆ ಕೇಳೋಣವೆಂದರೆ ಅವರೇ ತಲೆ ತಗ್ಗಿಸಿದರು. "ಕಟ್ಟಬಾರದಿತ್ತು. ಕೈ ತಪ್ಪು ಮಾಡ್ತು. ನೀನು ತಿರುವಿನಲ್ಲಿ ಮರೆಯಾದ ಮೇಲೆ ಬಾಯಲ್ಲಿ ಹುರಿ ತುಂಡು ಇದೆ ಅಂತ ಗೊತ್ತಾಯ್ತು. ಎದೆ ಒಡೆದುಹೋಯ್ತು ಕಣೋ." ತಪ್ಪು ಮಾಡದವರನ್ನು ನಾನು ಕಂಡಿಲ್ಲ. ತಪ್ಪಿನ ಹಿಂದೆ ಅಷ್ಟು ಜೋರಾಗಿ, ಒಂದೇ ಚಪ್ಪಲಿಯಲ್ಲಿ ಓಡಿಬಂದವರನ್ನು ಅವರೊಬ್ಬರನ್ನೇ ಕಂಡದ್ದು.

ಅಂಗಡಿಗೆ ಹಿಂದಿರುಗಿದಾಗ ಅತ್ತೆ ಕಟ್ಟೆಯ ಮೇಲೆ ಕೂತು ವ್ಯಾಪಾರ ಮಾಡುತ್ತಿದ್ದರು. ಪೊಟ್ಟಣವಿಲ್ಲ, ಗಂಟಿಲ್ಲ, ಚಕಚಕ. ಅರ್ಧ ಗಂಟೆಯಲ್ಲಿ ಸಾಲೇ ಮಾಯವಾಗಿತ್ತು. ಮಾವ ಅದನ್ನು ನೋಡಿ ಬೆಚ್ಚಿಬಿದ್ದು ಕೂಡಲೇ ಅವರನ್ನು ಇಳಿಸಿದರು.

ಹಗ್ಗ ಮರಳಿಸಲು ಮರುದಿನ ಹೋದೆ. ಅದನ್ನು ಮತ್ತೆ ಮಾರು ಮಾರಾಗಿ ಬೆರಳಲ್ಲಿ ಹಾಯಿಸಿ, ಮೊಳದುದ್ದದ ತುಂಡುಗಳಾಗಿ ಕತ್ತರಿಸಿಹಾಕಿದರು. "ಕಲ್ಲಿಗೆ ಉಜ್ಜಿದೆ. ಇನ್ನೊಬ್ಬರ ಜೀವಕ್ಕೆ ಇದನ್ನ ಕೊಡಲ್ಲ" ಎಂದರು. ನಾನು ಬ್ಯಾಟರಿ ಕೇಳಿದೆ. ಸುತ್ತಿದರು, ಬಿಗಿದರು, ಮೂರು ಗಂಟು. ಅಂಗಡಿಯ ಸೇವೆ ಕೂದಲೆಳೆಯಷ್ಟೂ ಸುಧಾರಿಸಿಲ್ಲ. ನಾನು ಬಯ್ಯುವುದನ್ನು ಬಿಟ್ಟೆನೆಂದರೆ ಸುಳ್ಳಾದೀತು. ಬಯ್ಯುತ್ತೇನೆ, ತಿರುವು ದಾಟಿದ ಮೇಲೆ.

ಕೆಟ್ಟದ್ದೇನೆಂದರೆ ರೋಗ ಹರಡಿದೆ. ಕಾಲು ಕೂಡಿದ ಮೇಲೆ ತಮ್ಮ ಮತ್ತೆ ಬಾವಿಗಿಳಿಯುತ್ತಿದ್ದಾನೆ. ಪ್ರತಿ ಸಲವೂ ಮೊದಲು ಹಗ್ಗವನ್ನು ಮಾವನ ಬಳಿ ಒಯ್ದು, ಅವರು ಕಣ್ಣು ಮುಚ್ಚಿ ಬೆರಳಾಡಿಸಿ ಹೂಂ ಎಂದ ಮೇಲೆಯೇ ಕೆಲಸ. ಆಮೇಲೆ ಬಾವಿಕಟ್ಟೆಯಲ್ಲಿ ಒಂದೊಂದು ಕಬ್ಬಿಣದ ಮೆಟ್ಟಿಲಿಗೂ ಸುತ್ತಿಗೆಯಿಂದ ಬಡಿದು ಕಿವಿಗೊಟ್ಟು ಕೇಳುತ್ತಾನೆ. ಮೊನ್ನೆ ಒಬ್ಬ ತೋಟದವನು, "ಗಿಡ ಒಣಗ್ತಾ ಇದೆ, ಬೇಗ ಇಳಿಯಪ್ಪ! ಇದೇನು ಕೆಲಸ ಮಾಡೋ ರೀತಿನಾ?" ಎಂದು ಕೂಗಾಡುತ್ತಿದ್ದ. ತಮ್ಮ ಮರದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು, ಸಮಾಧಾನವಾಗಿ ಮೂರನೇ ಗಂಟು ಹಾಕುತ್ತಿದ್ದ.