ಇನ್ನೊಮ್ಮೆ ಒತ್ತು ಅಕ್ಕಾ

ಹುಲಿಗೆಮ್ಮಕ್ಕಾ, ನಿನ್ನ ಹೆಸರಿನಲ್ಲಿ ಆ ಎರಡನೇ ಸಿಮ್ ಮಾಡಿದ್ದು ನಾನು. ನೀನು ಯಾರಿಗೂ ಓಟಿಪಿ ಹೇಳಿರಲಿಲ್ಲ, ಯಾರ ಮಾತಿಗೂ ಮರುಳಾಗಿರಲಿಲ್ಲ. ನಿನ್ನ ಹೆಬ್ಬೆರಳನ್ನು ನನ್ನ ಕೈಯಲ್ಲಿ ಹಿಡಿದು ಮಷಿನ್ ಮೇಲೆ ಎರಡು ಸಲ ಒತ್ತಿಸಿದವಳು ನಾನು. ಒಂದು ಸಲ ನಿನಗಾಗಿ. ಇನ್ನೊಂದು ಸಲ — ಯಾರಿಗಾಗಿ ಎಂದು ಆಗ ನಾನು ಕೇಳಲಿಲ್ಲ. ಬೇಕಂತಲೇ ಕೇಳಲಿಲ್ಲ.

ತೋರಣಗಲ್ಲಿನಲ್ಲಿ ಕಾರ್ಖಾನೆಯ ಬಸ್ಸು ನಿಲ್ಲುವ ಕಡೆ ಇರುವ ನನ್ನ ಮೊಬೈಲ್ ಅಂಗಡಿ ಎಲ್ಲರಿಗೂ ಗೊತ್ತು. ನನ್ನ ಬಾಯಿಯೂ ಎಲ್ಲರಿಗೂ ಗೊತ್ತು. ಶಿಫ್ಟ್ ಮುಗಿಸಿ ಬಂದ ಹುಡುಗರು 'ಅಕ್ಕಾ, ಲಾಟರಿ ಹತ್ತೈತಂತ, ಮೆಸೇಜ್ ಬಂದೈತಿ' ಎಂದರೆ ಉಗಿದು ಕಳಿಸುತ್ತಿದ್ದೆ. 'ಲೇ, ತಗೊಳ್ಳದ ಟಿಕೀಟಿಗೆ ಯಾವನಲೇ ಲಾಟರಿ ಕೊಡ್ತಾನ? ತಲಿ ಐತೋ ಇಲ್ಲೋ?' ಓಟಿಪಿ ಯಾರಿಗೂ ಹೇಳಬೇಡಿ ಎಂದು ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದ್ದೆ. ನಮ್ಮ ಹೆಸರಿನಲ್ಲಿ ಎಷ್ಟು ನಂಬರ್ ನಡೆಯುತ್ತಿವೆ ಎಂದು ಫೋನಿನಲ್ಲೇ ನೋಡಿಕೊಳ್ಳಬಹುದು. ಅದನ್ನೂ ಬಂದವರಿಗೆಲ್ಲ ತೋರಿಸುತ್ತಿದ್ದೆ. ನಿನ್ನಂಥ ಕೆಲವರಿಗೆ ಮಾತ್ರ ತೋರಿಸಲಿಲ್ಲ. ಥೂ, ನನ್ನ ಜನ್ಮಕ್ಕೆ.

ಸಿಮ್ ತಂದುಕೊಡುವ ಏಜೆಂಟ್ ಒಬ್ಬ ಬರುತ್ತಿದ್ದ. 'ಅಕ್ಕಾರ, ಟಾರ್ಗೆಟ್ ಮುಟ್ಟವಲ್ದು. ಬಂದವ್ರ ಕಡೆ ಎರಡು ಸಲ ಒತ್ತಿಸ್ರಿ. ಒಂದು ಸಿಮ್ ಅವ್ರಿಗೆ, ಒಂದು ನನಗ. ಯಾರಿಗೇನ್ ಗೊತ್ತಾಗ್ತೈತಿ?' ಎಂದ. ಪ್ರತಿ ಸಿಮ್ಮಿಗೂ ಕೈಗಿಷ್ಟು ಕೊಡುತ್ತಿದ್ದ. ಟಾರ್ಗೆಟ್ಟಿಗಾದರೆ ಇಷ್ಟು ಯಾಕೆ ಕೊಡುತ್ತಾನೆ ಎಂದು ಒಂದು ಸಲ ಮನಸ್ಸಿಗೆ ಬಂದದ್ದುಂಟು — ಬಂದದ್ದನ್ನು ಅಲ್ಲಿಗೇ ಬಿಟ್ಟೆ.

ಆದರೆ ಎಲ್ಲ ಗಿರಾಕಿಗಳ ಹತ್ತಿರ ಈ ಆಟ ನಡೆಯುವುದಿಲ್ಲ. ಆಫೀಸಿನವರು ಸ್ಕ್ರೀನ್ ಇಣುಕಿ ನೋಡುತ್ತಾರೆ, ಯಾಕೆ ಎರಡು ಸಲ ಎನ್ನುತ್ತಾರೆ. ನಿನ್ನಂಥವರು ಹಾಗಲ್ಲ. ಪಾತ್ರೆ ತಿಕ್ಕಿ, ಸಿಮೆಂಟು ಹೊತ್ತು ಬೆರಳಿನ ಗೆರೆ ಸವೆದವರು. ರೇಷನ್ ಅಂಗಡಿಯಲ್ಲಿ, ಬ್ಯಾಂಕಿನಲ್ಲಿ ಬೆರಳು ಬರುತ್ತಿಲ್ಲವೆಂದು ಬೈಸಿಕೊಂಡವರು. ಮಷಿನ್ ಒಲ್ಲೆ ಎಂದರೆ ತಪ್ಪು ತಮ್ಮದೇ ಎಂದು ನಂಬುವವರು. ನಾನು ಆರಿಸಿಕೊಂಡದ್ದು ನಿಮ್ಮನ್ನೇ.

ಅವತ್ತು ನೀನು ಕಾರ್ಖಾನೆಯ ಕ್ಯಾಂಟೀನ್ ಕೆಲಸ ಮುಗಿಸಿ ಬಂದಿದ್ದೆ. ಕೊರಳಲ್ಲಿ ಗೇಟ್ ಪಾಸ್ ಇನ್ನೂ ನೇತಾಡುತ್ತಿತ್ತು. ಹೊಸ ಸಿಮ್ ಬೇಕು ಎಂದೆ. ನಾನು ಹೆಬ್ಬೆರಳು ಒತ್ತಿಸಿದೆ, ಒಂದೇ ಸಲಕ್ಕೆ ಹಸಿರು ಗುರುತು ಬಂತು. ನಾನು ಸ್ಕ್ರೀನನ್ನು ನನ್ನ ಕಡೆ ತಿರುಗಿಸಿಕೊಂಡು, 'ಬರ್ಲಿಲ್ಲ. ಇನ್ನೊಮ್ಮೆ ಒತ್ತು ಅಕ್ಕಾ' ಎಂದೆ.

ನೀನು ಬೆರಳನ್ನು ಸೆರಗಿಗೆ ಒರೆಸಿದೆ. ಎಣ್ಣೆಯ ಪಸೆ ಹತ್ತಲಿ ಎಂದು ತಲೆಗೂದಲಿಗೆ ತಿಕ್ಕಿಕೊಂಡೆ. 'ಪಾತ್ರಿ ತಿಕ್ಕಿ ತಿಕ್ಕಿ ಸವದಾವ ತಂಗಿ. ನಿನಗ ಭಾಳ ತ್ರಾಸು ಕೊಟ್ಟೆ' ಎಂದೆ. ನನ್ನ ಹತ್ತಿರ ಮಾಫಿ ಕೇಳಿದವಳ ಹಾಗೆ — ನೀನು, ನನ್ನ ಹತ್ತಿರ! ಇರಲಿ ಬಿಡಕ್ಕಾ ಎಂದು ನಾನು ನಗುತ್ತಾ ಎರಡನೇ ಸಲ ಒತ್ತಿಸಿದೆ.

ಆ ಎರಡನೇ ಸಿಮ್ ಎಲ್ಲಿ ಹೋಯಿತೋ, ಯಾರ ಕೈ ಸೇರಿತೋ. ಬೇರೆ ರಾಜ್ಯದ ವಯಸ್ಸಾದ ಒಬ್ಬರಿಗೆ ಅದರಿಂದ ಕರೆ ಮಾಡಿ, ಬ್ಯಾಂಕಿನವರೆಂದು ನಂಬಿಸಿ, ಅವರು ಕೂಡಿಟ್ಟದ್ದನ್ನೆಲ್ಲ ಬಳಿದುಕೊಂಡಿದ್ದರು. ನಂಬರ್ ನಿನ್ನ ಹೆಸರಿನಲ್ಲಿತ್ತು. ಪೊಲೀಸರು ಕರೆದಾಗ ನೀನು ಮನೆಯವರ ಹತ್ತಿರ ಹೋಗಲಿಲ್ಲ, ನನ್ನ ಅಂಗಡಿಗೆ ಓಡಿಬಂದೆ. 'ನನಗೇನೂ ತಿಳಿವಲ್ದು ತಂಗಿ. ನೀ ಜತಿಗೆ ಬಾ' ಎಂದೆ.

ಬಂದೆ. ಬಂದು ನಾನು ಏನು ಮಾಡಿದೆ? ಸಾಹೇಬರ ಮುಂದೆ ನಿಂತು, 'ಓದು ಬರಲ್ಲ ಸರ್ ಇವ್ರಿಗೆ. ಯಾರೋ ಫೋನ್ ಮಾಡಿರ್ಬೇಕು, ಓಟಿಪಿ ಹೇಳಿಬಿಟ್ಟಾರ' ಎಂದೆ. ಹೊಸ ಸಿಮ್ ಮಾಡಿಸಲು ಬೆರಳು ಬೇಕು, ಓಟಿಪಿಗೂ ಅದಕ್ಕೂ ಸಂಬಂಧವೇ ಇಲ್ಲ, ಆದರೆ ಅಲ್ಲಿ ಅದನ್ನು ಯಾರು ಕೇಳುತ್ತಾರೆ. ನೀನು ಒಂದು ಗಳಿಗೆ ನನ್ನ ಮುಖ ನೋಡಿದೆ. ಆಗಲಾದರೂ ನಾನು ನಿಜ ಹೇಳಬಹುದಿತ್ತು. ಆಮೇಲೆ ನೀನೇ ಮೆಲ್ಲಗೆ ಅಂದೆ: 'ಹಂಗಽ ಆಗಿರಬೇಕ್ರೀ ಸಾಹೇಬ್ರ. ನನಗ ನೆನಪಿಲ್ಲ. ಆಕಿ ಓದಿದಾಕಿ, ಆಕಿಗೆ ಗೊತ್ತಿರ್ತೈತಿ.'

ಸಿಮ್ ಮಾಡಿದ್ದಕ್ಕಿಂತ ಇದು ದೊಡ್ಡದು ಅಕ್ಕಾ. ನಿನ್ನ ಬೆರಳು ಕದ್ದದ್ದಲ್ಲದೆ, ನೀನು ದಡ್ಡಿ ಎಂದು ನಿನ್ನಿಂದಲೇ ಒಪ್ಪಿಸಿದೆ. ಅದನ್ನೇ ಅವರು ಬರೆದುಕೊಂಡರು. ಅದರ ಕೆಳಗೂ ನೀನು ಹೆಬ್ಬೆಟ್ಟು ಒತ್ತಿದೆ.

ಹೇಳಿಕೆ ತೆಗೆದುಕೊಂಡು ಮನೆಗೆ ಕಳಿಸಿದರು, ಆದರೆ ಕೇಸಿನಿಂದ ನಿನ್ನ ಹೆಸರು ಹೋಗಲಿಲ್ಲ. ಕಾಂಟ್ರಾಕ್ಟರ್ ಗೇಟ್ ಪಾಸ್ ಕಿತ್ತುಕೊಂಡ. 'ಕೇಸ್ ಕ್ಲಿಯರ್ ಆದ ಮ್ಯಾಲೆ ಬಾ' ಎಂದ. ಆ ಪಾಸು ಹಾಕಿಕೊಂಡೇ ನೀನು ನಿಮ್ಮೂರು ವಡ್ಡುವಿನ ಓಣಿಯಲ್ಲಿ ನಡೆಯುತ್ತಿದ್ದೆ, ಭಾನುವಾರವೂ ತೆಗೆಯುತ್ತಿರಲಿಲ್ಲ. ಈಗ ಸಂಡೂರಿನ ಖಾನಾವಳಿಯಲ್ಲಿ ತಟ್ಟೆ ತೊಳೆಯುತ್ತಿದ್ದೀ. ಪಿಎಫ್ ಇಲ್ಲ, ರಜೆ ಇಲ್ಲ. ಬಸ್ಸು ಬದಲಿಸುವಾಗ ಈಗಲೂ ಅಂಗಡಿಗೆ ಬಂದು, 'ನನ್ನ ಕೇಸು ಏನಾತು ನೋಡವ್ವ' ಎನ್ನುತ್ತೀ. ನಾನು ಕಂಪ್ಯೂಟರಿನಲ್ಲಿ ಏನೋ ಹುಡುಕಿದ ಹಾಗೆ ಮಾಡುತ್ತೇನೆ. ನಿನಗೆ ಚಹಾ ತರಿಸುತ್ತೇನೆ. ನೀನು ಕುಡಿದು ಹೋಗುತ್ತೀ.

ಹೋದ ತಿಂಗಳು ನೀನು ರೇಷನ್ನಿಗೆ ನನ್ನನ್ನು ಕರೆದೊಯ್ದೆಯಲ್ಲ. ಕೇಸಾದಾಗಿನಿಂದ ಅಂಜಿ, ಯಾವ ಮಷಿನ್ನಿಗೂ ಬೆರಳು ಕೊಡುವುದಿಲ್ಲವೆಂದು ಅಕ್ಕಿ ಬಿಟ್ಟು ಕೂತಿದ್ದೀ ಎಂದು ಆಗಷ್ಟೇ ಗೊತ್ತಾಯಿತು. 'ನೀ ಬಾಜೂಕ ನಿಂತ್ರ ಒತ್ತತೀನಿ ತಂಗಿ' ಎಂದೆ. ಮೊದಲ ಸಲ ನಿಜವಾಗಿಯೂ ಬರಲಿಲ್ಲ. ಅಂಗಡಿಯವನು ಇನ್ನೊಮ್ಮೆ ಒತ್ತು ಎಂದ. ನೀನು ಕೈಯನ್ನು ಸೆರಗಿನೊಳಗೆ ಎಳೆದುಕೊಂಡು ನನ್ನ ಕಡೆ ತಿರುಗಿದೆ, ಒತ್ತಲಾ ಎಂದು ಕಣ್ಣಲ್ಲೇ ಕೇಳಿದೆ. ನಾನು ಹೂಂ ಎಂದು ತಲೆ ಆಡಿಸಿದೆ. ನೀನು ಒತ್ತಿದೆ. ಅವತ್ತಿನಿಂದ ನನಗೆ ನನ್ನ ಅಂಗಡಿಯ ಬಾಗಿಲು ತೆಗೆಯಲೂ ನಾಚಿಕೆ.

ಯಾಕೆ ಇಷ್ಟು ದಿನ ಹೇಳಲಿಲ್ಲ ಎಂದು ಕೇಳಿದರೆ ಅಂಜಿಕೆ, ಅಂಗಡಿ, ಮಗಳ ಓದು — ಬಿಡು, ಅದೆಲ್ಲ ನಿನ್ನ ಮುಂದೆ ಹೇಳುವ ಮಾತಲ್ಲ.

ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ವಡ್ಡುವಿಗೆ ಬರುತ್ತೇನೆ. ನಿನಗೆ ಓದು ಬರುವುದಿಲ್ಲ. ಇದನ್ನು ನಾನೇ ನಿನ್ನೆದುರು ಕೂತು ಓದಬೇಕು. ಬೈ, ಹೊಡಿ, ಓಣಿಯವರನ್ನೆಲ್ಲ ಕರೆ. ಆಮೇಲೆ ಇಬ್ಬರೂ ಸ್ಟೇಷನ್ನಿಗೆ ಹೋಗೋಣ. ನೀನು ಬರಲಾರೆ ಎಂದರೆ ಒಬ್ಬಳೇ ಹೋಗಿ, ನಾನು ಬರೆಸಿದ್ದು ಸುಳ್ಳು ಎಂದು ಹೇಳುತ್ತೇನೆ, ನಿನ್ನ ಹಾಗೆ ನಾನು ಎರಡು ಸಲ ಒತ್ತಿಸಿದ ಉಳಿದವರ ವಿಷಯವನ್ನೂ ಹೇಳುತ್ತೇನೆ. ನಿನ್ನ ಪಾಸು ವಾಪಸು ಬರುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ನಾನು ವಾಪಸು ಬರುತ್ತೇನೋ ಇಲ್ಲವೋ, ಅದೂ ಗೊತ್ತಿಲ್ಲ.

ಓದುವಾಗ ನಡುವೆ ಬಾಯಿ ಕಟ್ಟಿದರೂ ಕಟ್ಟೀತು. ಅದಕ್ಕೇ ಬಾಗಿಲಲ್ಲಿ ನಿಂತೇ ಒಂದು ಮಾತು ಮೊದಲು ಹೇಳಿಬಿಡುತ್ತೇನೆ: 'ಅಕ್ಕಾ, ಅವತ್ತು ನಿನ್ನ ಬೆರಳು ಮೊದಲ್ನೇ ಸಲಕ್ಕ ಬಂದಿತ್ತು.'