ಅಕ್ಕನ ತೂಕ ಮತ್ತು ಗಜೇಂದ್ರಗಡದ ಗುಡ್ಡ

ಮೊನ್ನೆ ರೋಣದ ಔಷಧದ ಅಂಗಡಿಯೊಂದರ ಬಾಗಿಲಲ್ಲಿ ಮುಳ್ಳು ತಿರುಗುವ ಹಳೆಯ ತೂಕದ ಯಂತ್ರ ಕಂಡು ಒಬ್ಬನೇ ನಕ್ಕೆ. ನೀವು ಜೊತೆಗಿದ್ದರೆ ಯಾಕೆಂದು ಕೇಳುತ್ತಿದ್ದಿರಿ, ಹೇಳುತ್ತೇನೆ.

ನನ್ನ ಅಕ್ಕ ನೀಲವ್ವ ಮದುವೆಯಾಗಿ ಹೋದದ್ದು ಗಜೇಂದ್ರಗಡಕ್ಕೆ. ಗುಡ್ಡದ ಬುಡದಲ್ಲೇ ಮನೆ. ಅಕ್ಕನ ಮೈ ದೊಡ್ಡದು, ನಗು ಅದಕ್ಕಿಂತ ದೊಡ್ಡದು. ಕೆಲವು ವರ್ಷಗಳ ಹಿಂದೆ ಮೊಣಕಾಲು ನೋವು ಶುರುವಾಗಿ ಓಣಿ ದಾಟುವುದನ್ನೇ ಬಿಟ್ಟಳು. 'ತೂಕ ಇಳಿಸ್ರಿ, ದಿನಾ ಅಡ್ಡಾಡ್ರಿ' ಎಂದರು ಡಾಕ್ಟರು. ಭಾವ ಅಂಥದೇ ಒಂದು ಮುಳ್ಳಿನ ತೂಕದ ಯಂತ್ರ ಮನೆಗೆ ತಂದಿಟ್ಟರು. ಅಕ್ಕ ಅಡ್ಡಾಡಲಿಲ್ಲ, ನಗುವುದನ್ನೂ ಕಡಿಮೆ ಮಾಡಿದಳು. ನನಗೆ ಚಿಂತೆ ಹತ್ತಿದ್ದು ಆಗಲೇ.

ನಾನಾಗ ಸವಡಿಯ ಶಾಲೆಯಲ್ಲಿ ವಿಜ್ಞಾನದ ಮಾಸ್ತರ. ಕೇಳದವರಿಗೂ ಪಾಠ ಹೇಳುವ ಚಟ. ಭೂಮಿಯಿಂದ ದೂರ ಹೋದಷ್ಟೂ ಅದರ ಸೆಳೆತ ಕುಗ್ಗಿ ತೂಕ ಇಳಿಯುತ್ತದೆಂದು ಒಂದು ಭಾನುವಾರ ಅಕ್ಕನ ಮನೆಯಲ್ಲಿ ಮಾತಿಗೆ ಹೇಳಿಬಿಟ್ಟೆ.

'ಹಂಗಾರ ಗುಡ್ಡದ ಮ್ಯಾಲ ನನ್ನ ತೂಕ ಕಡಿಮಿ ಇರತೈತೇನೋ?'

'ಇರತೈತಿ ಅಕ್ಕಾ, ಆದರ...'

'ಆದರ ಗೀದರ ಬ್ಯಾಡ. ಯಂತ್ರ ಹೊತಗೊಂಡು ನಡಿ.'

ಯಂತ್ರ ಹೊತ್ತು ನಾನು ಹಿಂದೆ ನಡೆದೆ. ಅಕ್ಕ ಗುಡ್ಡ ಹತ್ತಿದಳು, ಕೂತಳು, ನನ್ನನ್ನು ಬೈದಳು, ಎದ್ದಳು. 'ಭೂಮಿ ನನ್ನನ್ನ ಯಾಕ ಇಷ್ಟು ಜಗ್ಗತೈತೋ ತಮ್ಮಾ?'

'ನನಗಿಂತ ನಿನ್ನ ಮೈಯಾಗ ವಸ್ತು ಜಾಸ್ತಿ ಐತಲ್ಲ, ಅದಕ್ಕ.'

ಅರ್ಧಕ್ಕೆ ತಿರುಗೋಣ ಎಂದವನು ನಾನೇ. ಅವಳು ಕೇಳಲಿಲ್ಲ. ಮೇಲೆ ಮುಟ್ಟಿ, ಚಪ್ಪಟೆ ಕಲ್ಲಿನ ಮೇಲೆ ಯಂತ್ರ ಇಡಿಸಿ ನಿಂತಳು. ಮುಳ್ಳು ಮನೆಯಲ್ಲಿ ತೋರಿಸಿದ್ದನ್ನೇ ತೋರಿಸಿತು.

'ಸುಳ್ಳ ಹೇಳಿದೆಲ್ಲೋ ಮಾಸ್ತರಾ!'

'ಖರೇನ ಅಕ್ಕಾ. ಆದರ ದೂರ ಎಣಿಸೋದು ಭೂಮಿಯ ನಟ್ಟನಡುವಿನಿಂದ. ಅಲ್ಲಿಂದ ಇಲ್ಲಿಗೆ ಸಾವಿರಾರು ಮೈಲಿ. ಅದರ ಮುಂದ ಈ ಗುಡ್ಡ ಏನೂ ಅಲ್ಲ. ತೂಕ ಒಂಚೂರು ಇಳದಿರತೈತಿ, ಈ ಮುಳ್ಳಿಗೆ ತಿಳಿಯಂಗಿಲ್ಲ. ಆ ದೂರ ಎರಡು ಪಟ್ಟಾದರ ನಿನ್ನ ತೂಕ ಕಾಲುಪಾಲಿಗೆ ಇಳೀತೈತಿ.'

'ಮತ್ತ ಮೈ?'

'ಮೈ ಇದ್ದಷ್ಟ ಇರತೈತಿ. ಸೀರಿ ಅಷ್ಟ ಉದ್ದಂದ ಬೇಕು.'

ಅಕ್ಕ ನನ್ನನ್ನೊಮ್ಮೆ, ಆಕಾಶವನ್ನೊಮ್ಮೆ ನೋಡಿ ನಗತೊಡಗಿದಳು. ಗುಡ್ಡದ ಮೇಲಿನ ಹಳೆಯ ಕೋಟೆಯ ಗೋಡೆಯಲ್ಲಿದ್ದ ಪಾರಿವಾಳಗಳು ಹಾರಿಹೋದವು. ಆಮೇಲೆ ಕೆಳಗೆ ಬೆರಳು ಮಾಡಿದಳು. ಇಷ್ಟು ವರ್ಷ ಬಾಳಿದ ಮನೆಯ ಮಾಳಿಗೆಯನ್ನು ಮೇಲಿನಿಂದ ಕಂಡದ್ದು ಅವಳು ಅಂದೇ.

'ನಮ್ಮನಿ ಎಷ್ಟು ಚಂದ ಕಾಣತೈತಿ ನೋಡೋ. ನಾಳಿನೂ ಬರತೀನಿ.'

ಬಂದಳು. ದಿನವೂ ಬರುತ್ತಿದ್ದಾಳೆ.

ಇದೆಲ್ಲ ನೆನಪಾಗಿ, ಅಂಗಡಿಯಿಂದ ಮನೆಗೆ ಹೋಗದೆ ಗಜೇಂದ್ರಗಡದ ಬಸ್ಸು ಹತ್ತಿದೆ. ಅಕ್ಕ ಮನೆಯಲ್ಲಿರಲಿಲ್ಲ. ನಾನೂ ಗುಡ್ಡ ಹತ್ತತೊಡಗಿದೆ. ಅರ್ಧದಾರಿಯಲ್ಲಿ ಏದುಸಿರು ಬಿಡುತ್ತ ಕೂತಾಗ ಪಕ್ಕದ ಮನೆಯ ರಾಜಬಿಯೊಂದಿಗೆ ಅವಳು ಇಳಿದು ಬರುತ್ತಿದ್ದಳು. ನನ್ನ ಅವಸ್ಥೆ ನೋಡಿ ನಿಂತಳು. 'ನೀ ನಡಿ ರಾಜಬಿ' ಎಂದು ಗೆಳತಿಯನ್ನು ಕಳಿಸಿ, ನನ್ನತ್ತ ಕೈ ಚಾಚಿದಳು.

'ಏಳೋ, ನಾನೂ ಇನ್ನೊಮ್ಮೆ ಹತ್ತತೀನಿ.'